ನಲವತ್ತನೇ ತಟ್ಟೆ

ಬೆಳ್ಳಕ್ಕಿ ಕುರ್ವೆಯ ಹೆಂಗಸರು ಸಾರಿಗೆ ಉಪ್ಪು ಹಾಕುವುದಿಲ್ಲ. ಸೌಟನ್ನು ಕಿಟಕಿಯಿಂದ ಹೊರಗೆ ಚಾಚಿ, ಗದ್ದೆಯ ಕಡೆಗೊಮ್ಮೆ ತೋರಿಸಿ, ಆಮೇಲೆ ಸಾರಿನಲ್ಲಿ ಅದ್ದಿದರೆ ಸಾಕು, ರುಚಿ ಹದಕ್ಕೆ ಬರುತ್ತದೆ. ಎರಡು ಸಲ ತೋರಿಸಿದರೆ ಕೆಟ್ಟಿತು, ಆ ಸಾರನ್ನು ನಾಯಿಯೂ ಮೂಸುವುದಿಲ್ಲ. ಹೊಳೆ ಸಮುದ್ರಕ್ಕೆ ಸೇರುವ ಬಾಯಲ್ಲೇ ಕೂತ ನಡುಗಡ್ಡೆ ಅದು. ನಲವತ್ತು ಮನೆ, ಸುತ್ತ ಮಣ್ಣಿನ ಕಟ್ಟು, ಕಟ್ಟಿನೊಳಗೆ ಗಜನಿ ಗದ್ದೆ. ಮಳೆಗಾಲದಲ್ಲಿ ಕಟ್ಟಿನ ಹಲಗೆ ಬಾಗಿಲು ಮುಚ್ಚಿ ಭತ್ತ ಬೆಳೆಯುವುದು, ತೆನೆ ಕೊಯ್ದ ಮೇಲೆ ಅದೇ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಏಡಿ ಹಿಡಿಯುವುದು. ಕೊಯ್ಯುವುದೂ ತೆನೆ ಮಾತ್ರ. ಹುಲ್ಲನ್ನು ಮೀನಿಗೆಂದು ನೀರಲ್ಲೇ ಬಿಡುತ್ತಾರೆ. ಬ್ರಹ್ಮ ಲೋಕವನ್ನು ಸೃಷ್ಟಿಸಿದ ದಿನದಿಂದ ಹೀಗೆಯೇ ನಡೆದಿತ್ತು. ಅದಕ್ಕೂ ಎರಡು ದಿನ ಮೊದಲೇ ಶುರುವಾಗಿತ್ತು ಎನ್ನುವವರೂ ಕುರ್ವೆಯಲ್ಲಿದ್ದಾರೆ.

ಸಮುದ್ರ ಮೊಳಕಾಲುದ್ದ ಮೇಲೆದ್ದಾಗ ಈ ಲೆಕ್ಕ ತಪ್ಪಿತು. ಅಲ್ಲಿ ಬೆಳೆಯುವ ಕಗ್ಗ ಸಾಮಾನ್ಯ ಭತ್ತವಲ್ಲ. ಉಪ್ಪುನೀರಲ್ಲಿ ಕಾಲು ಇಳಿಬಿಟ್ಟು ನಿಲ್ಲುವ ಜಾತಿ, ನೆರೆ ಬಂದರೆ ಎಂಟು ದಿನ ಉಸಿರು ಹಿಡಿದು ಮುಳುಗಿದ್ದು, ನೀರಿಳಿದ ಮೇಲೆ ಏನೂ ಆಗದವರ ಹಾಗೆ ತಲೆ ಎತ್ತುವ ಜಾತಿ. ಆದರೆ ಕಗ್ಗಕ್ಕೂ ಒಂದು ಮಿತಿ ಇತ್ತು. ಹಿಂದೆ ಜೂನ್ ತಿಂಗಳ ಮಳೆ ಗದ್ದೆಯನ್ನು ಹದಿನೈದು ದಿನ ತೊಳೆದು ಉಪ್ಪು ಇಳಿಸುತ್ತಿತ್ತು. ಈಗ ಮಳೆ ಒಂದೇ ದಿನ ಆಕಾಶ ಹರಿದಂತೆ ಸುರಿದು, ಹತ್ತು ದಿನ ನಾಪತ್ತೆ. ಬಿತ್ತಿದ ಮೊಳಕೆ ಮೂರನೇ ದಿನಕ್ಕೆ ಕೆಂಪಾಗಿ, ಐದನೇ ದಿನಕ್ಕೆ ಸುಟ್ಟ ಬೀಡಿಯಂತಾಗಿ ಬೀಳುತ್ತಿತ್ತು.

ಆಗ ಹೊಳೆಯಾಚೆಯ ಗುಡ್ಡದ ಮೇಲೆ ಪಾಚಿ ಆಫೀಸು ಬಂತು. ಬೋರ್ಡಿನ ಮೇಲೆ ಅದಕ್ಕೆ ರೈಲಿನಷ್ಟು ಉದ್ದದ ಹೆಸರಿತ್ತು. ಓದಿ ಮುಗಿಸುವಷ್ಟರಲ್ಲಿ ದೋಣಿ ತಪ್ಪುತ್ತಿದ್ದುದರಿಂದ ಜನ ಪಾಚಿ ಆಫೀಸು ಎಂದರು. ಅಲ್ಲಿನ ದೊಡ್ಡವರು ಗದಗದ ಕಡೆಯ ಡಾಕ್ಟರ್ ಬಸಲಿಂಗಮ್ಮ ಕಟ್ಟೀಮನಿ. ಕುರ್ವೆಯ ಕಡೆ ಕನ್ನಡಕ ಹಾಕಿ ಪೆನ್ನು ಹಿಡಿದ ಹೆಂಗಸರೆಲ್ಲ ಅಕ್ಕೋರು, ಇವರೂ ಅಕ್ಕೋರಾದರು. ಅವರು ಬೆಳೆಸಿದ್ದು ನೀಲಿ ಹಸಿರು ಪಾಚಿ. ಭೂಮಿಯ ಮೇಲೆ ಹುಲ್ಲಿಲ್ಲದಾಗಲೂ ಇದ್ದ, ಉಸಿರಾಡುವ ಗಾಳಿಯನ್ನು ಲೋಕಕ್ಕೆ ಮೊದಲು ಕೊಟ್ಟ ಕಣ್ಣಿಗೆ ಕಾಣದ ಜೀವ. ಗದ್ದೆಗೆ ಹಾಕಿದರೆ ಅದು ಮೂರು ಕೆಲಸ ಮಾಡುತ್ತಿತ್ತು. ಗಾಳಿಯಿಂದ ಗೊಬ್ಬರ ಹಿಡಿದು ಬೇರಿಗೆ ಕೊಡುವುದು, ಬೇರು ಚಾಚಿಕೊಳ್ಳುವಂಥ ರಸ ಸೂಸುವುದು, ಮೈಯ ಲೋಳೆಯಲ್ಲಿ ಉಪ್ಪನ್ನು ಹಿಡಿದು ಮೊಳಕೆಗೆ ತಾಗದಂತೆ ತಡೆಯುವುದು.

ಮೊದಲ ವರ್ಷದ ಬೆಳೆಯನ್ನು ಹೇಗೆ ಹೇಳುವುದು? ಬೆಳ್ಳಕ್ಕಿಗಳು ಗದ್ದೆಗೆ ಇಳಿಯಲು ಜಾಗವಿಲ್ಲದೆ ತೆನೆಯ ಮೇಲೇ ನಡೆದು ಆ ದಡ ಸೇರಿದವು. ಕಟ್ಟಿನ ಬಾಗಿಲು ನೋಡಿಕೊಳ್ಳುವ ಹಮ್ಮಣ್ಣ ಮೂತ್ರಕ್ಕೆಂದು ಭತ್ತದೊಳಗೆ ಹೋದವನು ದಾರಿ ತಪ್ಪಿ ಮೂರನೇ ದಿನ ಹೊರಗೆ ಬಂದ, ಗಡ್ಡ ಬೆಳೆದಿತ್ತು. ಎರಡನೇ ವರ್ಷ ಇನ್ನೂ ಜಾಸ್ತಿ. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಗಣಪಿ ಈ ಪಾಚಿ ಆಫೀಸಿನಲ್ಲಿ ತಟ್ಟೆ ತೊಳೆಯುವವಳು. ಕುರ್ವೆಯ ಸೊಸೆ, ನಲವತ್ತಮೂರು ವರ್ಷ. ಗಂಡ ಮಂಕಾಳಿ ಅಂಬಿಗ ಆಳಸಮುದ್ರದ ಬೋಟಿನಲ್ಲಿ ತಿಂಗಳುಗಟ್ಟಲೆ ಇರುವವನು. ಮನೆಯಲ್ಲಿ ಅವಳು ಮತ್ತು ಅತ್ತೆ ಸೋಮಕ್ಕ. ಕೆಲಸ ಸುಲಭವೆಂದು ಕಾಣುತ್ತದೆ. ಮನೆಗೊಂದರಂತೆ ನಲವತ್ತು ಅಗಲ ತಟ್ಟೆಗಳು. ಅವುಗಳಲ್ಲಿ ಪಾಚಿ ತುಂಬಿ ದೋಣಿಯಲ್ಲಿ ಕುರ್ವೆಗೆ ಒಯ್ಯುವುದು, ಬೀಜ ನೆನೆಸುವಾಗ ಒಂದು ಸುತ್ತು, ಬಿತ್ತುವ ದಿನ ಇನ್ನೊಂದು ಸುತ್ತು. ಖಾಲಿಯಾದ ತಟ್ಟೆ ತಂದು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸುವುದು. ಲ್ಯಾಬಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅಕ್ಕೋರು ಬರೆಸಿದ್ದರು: ಖಾಲಿ, ಒಣ, ಶುದ್ಧ.

ಕುರ್ವೆಯಲ್ಲಿ ಈ ಮೂರರಲ್ಲಿ ಮೊದಲನೆಯದು ನಡೆಯುವಂತಿರಲಿಲ್ಲ. ಅಲ್ಲಿ ಯಾರೂ ಯಾರಿಗೂ ಖಾಲಿ ಪಾತ್ರೆ ಹಿಂದಿರುಗಿಸಿದ್ದಿಲ್ಲ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಪಲ್ಯ ಬಂದರೆ ಆ ಬಟ್ಟಲು ನಾಲ್ಕು ಮೆಣಸಿನಕಾಯಿಯಾದರೂ ಹೊತ್ತೇ ಹಿಂದೆ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಹರಳು ಉಪ್ಪು. ಒಮ್ಮೆ ಎರಡು ಮನೆಗಳ ನಡುವೆ ಒಂದು ತಂಬಿಗೆ ಹೀಗೆ ಓಡಾಡಲು ಶುರುವಾಗಿ, ಎರಡು ತಲೆಮಾರು ಕಳೆದರೂ ನಿಲ್ಲಲಿಲ್ಲ. ನಡುವೆ ಆ ಮನೆಗಳವರಿಗೆ ಜಗಳವಾಗಿ ಮಾತು ಬಿಟ್ಟಿತ್ತು, ತಂಬಿಗೆ ಮಾತ್ರ ಬಿಡಲಿಲ್ಲ.

ಹಾಗಾಗಿ ಪಾಚಿಯ ತಟ್ಟೆಗಳೂ ಬರಿದಾಗಿ ಬರುತ್ತಿರಲಿಲ್ಲ. ಒಂದರಲ್ಲಿ ಹಿಡಿ ಅವಲಕ್ಕಿ, ಒಂದರಲ್ಲಿ ಒಣ ಸಿಗಡಿ, ಒಂದರಲ್ಲಿ ಬೆಲ್ಲದ ಚೂರು. ಸೋಮಕ್ಕನದು ಮಾತ್ರ ಬೇರೆ ತರ್ಕ. ಕೊಟ್ಟದ್ದು ಗದ್ದೆಗೆ, ಆದ್ದರಿಂದ ತಿರುಗಿ ಕೊಡಬೇಕಾದ್ದು ಗದ್ದೆಯೇ ಎಂದು ಒಂದು ಮುಷ್ಟಿ ಕೆಸರು ಇಟ್ಟಳು. ಸೋಮಕ್ಕ ಇಟ್ಟಮೇಲೆ ಊರಿಗೆ ಅದೇ ಕಾನೂನು. ಮುಂದಿನ ಸುತ್ತಿನಿಂದ ನಲವತ್ತು ತಟ್ಟೆಯಲ್ಲೂ ಕೆಸರು ಕೂತು ಬಂತು.

ಗಣಪಿ ನಡುವೆ ಸಿಕ್ಕಿಬಿದ್ದಳು. ಅತ್ತೆಗೆ ಹೇಳಿದರೆ ಅತ್ತೆ ಕೇಳುವುದಿಲ್ಲ. ಅಕ್ಕೋರಿಗೆ ಹೇಳಿದರೆ ತಟ್ಟೆ ಕೊಡುವುದನ್ನೇ ನಿಲ್ಲಿಸುತ್ತಾರೆ. ಇಬ್ಬರಿಗೂ ಹೇಳಲಿಲ್ಲ. ತಟ್ಟೆಯನ್ನು ಲ್ಯಾಬಿನೊಳಗೆ ಒಯ್ಯುವ ಮೊದಲು ಹಿತ್ತಲಿಗೆ ಹೋಗಿ, ಇದ್ದದ್ದನ್ನು ತೆಗೆದು, ಆಮೇಲೆ ಕುದಿಯುವ ನೀರಿಗೆ ಹಾಕುವಳು. ಆದರೆ ಕೊಟ್ಟ ಉಡುಗೊರೆಯನ್ನು ಚರಂಡಿಗೆ ಸುರಿಯಲು ಕೈ ಬರಬೇಕಲ್ಲ? ಹಿತ್ತಲಲ್ಲಿ ಬಿರುಕು ಬಿಟ್ಟ ಹಳೆಯ ಸಿಮೆಂಟು ತೊಟ್ಟಿಯೊಂದಿತ್ತು. ಅದಕ್ಕೇ ಸುರಿದಳು. ಅವಲಕ್ಕಿ, ಬೆಲ್ಲ, ಸಿಗಡಿ, ಕೆಸರು, ತಟ್ಟೆಯ ಅಂಚಿಗೆ ಅಂಟಿದ ಲ್ಯಾಬಿನ ಪಾಚಿ, ಎಲ್ಲವನ್ನೂ. ಮಳೆಗಾಲದಲ್ಲಿ ಅದು ತುಂಬುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಉಪ್ಪು ಬಿಳುಚಿಕೊಂಡು ಹಪ್ಪಳದಂತೆ ಏಳುತ್ತಿತ್ತು. ತೊಟ್ಟಿಯ ವಾಸನೆಯೋ, ಅದರ ಮೇಲೆ ಹಾರಿದ ಕಾಗೆ ತಲೆ ತಿರುಗಿ ಬಿದ್ದು, ಎದ್ದು, ತನ್ನ ಗೂಡು ಯಾವುದೆಂದು ಮರೆತು ಹೋಗಿತ್ತು.

ಎರಡನೇ ವರ್ಷದ ಒಂದು ಮಧ್ಯಾಹ್ನ ಅಕ್ಕೋರು ಅವಳನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಗಣಪಿ ಒಂದು ಕಣ್ಣು ಮುಚ್ಚಿ ನೋಡಿದಳು. ಹಸಿರು ಮಣಿಸರ. ಯಾವ ಅಕ್ಕಸಾಲಿಗನೂ ಇಷ್ಟು ಸಣ್ಣ ಮಣಿ ಪೋಣಿಸಿದ್ದಿಲ್ಲ. ನಡುನಡುವೆ ಒಂದೊಂದು ದಪ್ಪ ಮಣಿ, ಬಣ್ಣ ಸ್ವಲ್ಪ ಸಪ್ಪೆ.

"ಆ ದಪ್ಪ ಮಣಿ ಐತಲ್ಲ, ಅದು ಬಾಗಲಾ ಹಾಕ್ಕೊಂಡು ಕುಂತೈತಿ," ಎಂದರು ಅಕ್ಕೋರು. "ಗೊಬ್ಬರ ಮಾಡೋ ಕೆಲಸ ಅದರದ್ದು. ಪ್ರಾಣವಾಯು ಒಳಗ ಬಂದ್ರ ಕೆಲಸ ಕೆಡತೈತಿ, ಅದಕ ಗೋಡಿ ದಪ್ಪ. ಒಮ್ಮೆ ಬಾಗಲಾ ಹಾಕ್ಕೊಂಡ ಮ್ಯಾಲ ಅದಕ್ಕ ಮಕ್ಕಳಿಲ್ಲ ಮರಿಯಿಲ್ಲ. ಉಳದವರಿಗೆ ದುಡಿಯೂದ."

ಗಣಪಿ ಆ ದಪ್ಪ ಮಣಿಯನ್ನು ಮತ್ತೊಮ್ಮೆ ಹುಡುಕಿ ನೋಡಿದಳು. ಅವಳಿಗೂ ಮಕ್ಕಳಿರಲಿಲ್ಲ. ಅದನ್ನು ಅಕ್ಕೋರು ಮರೆತಿದ್ದರೋ, ನೆನಪಿಟ್ಟೇ ಹೇಳಿದರೋ ತಿಳಿಯಲಿಲ್ಲ.

"ಬಾಗ್ಲು ಹಾಕ್ಕಂಡ್ರೆ ಅದು ಉಣ್ಣೂದು ಎಂತದು, ಅಕ್ಕೋರೆ?"

"ಆಜೂಬಾಜೂ ಮಣಿಗೋಳು ಬಿಸಲಾಗ ಸಕ್ಕರಿ ಮಾಡತಾವ. ನಡುವ ಸಣ್ಣ ಕಿಂಡಿ ಐತಿ. ಈ ಕಡಿಂದ ಗೊಬ್ಬರ ಹೋಗತೈತಿ, ಆ ಕಡಿಂದ ಸಕ್ಕರಿ ಬರತೈತಿ."

"ಬರಿ ಕೈಲಿ ಕಳ್ಸೂದಿಲ್ಲ ಅನ್ನಿ," ಎಂದಳು ಗಣಪಿ.

ಅಕ್ಕೋರು ನಕ್ಕರು. ಅವರ ನಗು ಅಪರೂಪ; ಆ ವರ್ಷ ಅದು ಎರಡನೆಯದು. ಕಾಡುಪಾಚಿಯಲ್ಲಿ ಹತ್ತೋ ಹನ್ನೆರಡೋ ಮಣಿಗೆ ಒಂದು ದಪ್ಪ ಮಣಿ ಇರುತ್ತದೆ, ತಾನದನ್ನು ತಿದ್ದಿ ನಾಲ್ಕಕ್ಕೊಂದು ಮಾಡಿದ್ದೇನೆ, ಗೊಬ್ಬರ ಮೂರು ಪಟ್ಟು ಬರುವುದು ಅದಕ್ಕೇ ಎಂದು ವಿವರಿಸಿದರು. ಮೂರೇ ಮಣಿ ಸೇರಿ ಒಂದಕ್ಕೆ ಸಕ್ಕರೆ ಪೂರೈಸುತ್ತವೆಯೇ ಎಂದು ಗಣಪಿ ಕೇಳಿದಳು. ಲ್ಯಾಬಿನಲ್ಲಿ ನಾವೇ ಸಕ್ಕರೆ ಹಾಕುತ್ತೇವೆ, ಗದ್ದೆಯಲ್ಲಿ ನಾಲ್ಕು ತಿಂಗಳು ಬದುಕಿದರೆ ಸಾಕು, ಮುಂದಿನ ವರ್ಷಕ್ಕೆ ಹೊಸದು ಕೊಡುತ್ತೇವಲ್ಲ ಎಂದರು ಅಕ್ಕೋರು. ಗಣಪಿಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ತಟ್ಟೆ ತೊಳೆಯುವವಳು ಎಷ್ಟು ಕೇಳಬಹುದೋ ಅಷ್ಟು ಕೇಳಿಯಾಗಿತ್ತು.

ಮೂರನೇ ವರ್ಷ. ಜೂನ್ ತಿಂಗಳ ಮೊದಲ ಮಳೆ ಆನೆಗಳನ್ನು ಆಕಾಶದಿಂದ ಕೆಳಗೆ ಹಾಕಿದಂತೆ ಬಿತ್ತು. ಕುರ್ವೆಯವರು ಮೊದಲ ಸುತ್ತಿನ ಪಾಚಿಯಲ್ಲಿ ಕಗ್ಗದ ಬೀಜವೆಲ್ಲ ನೆನೆಸಿ ಬುಟ್ಟಿಗೆ ತುಂಬಿದರು. ಖಾಲಿ ತಟ್ಟೆಗಳನ್ನು, ಅಂದರೆ ಕೆಸರು ತುಂಬಿದ ತಟ್ಟೆಗಳನ್ನು, ಗಣಪಿ ಗುಡ್ಡಕ್ಕೆ ತಂದಳು. ಮೂವತ್ತೊಂಬತ್ತನ್ನು ಕುದಿಯುವ ನೀರಲ್ಲಿ ತೊಳೆದಳು. ಅಷ್ಟರಲ್ಲಿ ನೀರು ಕಾಯಿಸುವ ಹಂಡೆ ಆರಿತು. ಹೊರಗೆ ಇಳಿತ ಶುರುವಾಗಿತ್ತು. ಇನ್ನು ಕಾಲು ಗಂಟೆ ತಡೆದರೆ ದೋಣಿ ಕೆಸರಲ್ಲಿ ಕೂತು ಅವಳಿಗೆ ದಡದಲ್ಲೇ ವಸತಿ. ಉಳಿದದ್ದು ಒಂದೇ ತಟ್ಟೆ, ಅದೂ ಅವಳ ಸ್ವಂತ ಮನೆಯದು. ನಮ್ಮನೆಯದೇ ತಾನೆ ಎಂದು ತಣ್ಣೀರಲ್ಲಿ ಜಾಲಿಸಿ, ಉಳಿದವುಗಳ ಮೇಲೆ ಕವುಚಿಟ್ಟು ಓಡಿದಳು.

ಮರುದಿನ ಅಕ್ಕೋರು ಎರಡನೇ ಸುತ್ತಿಗೆಂದು ತಟ್ಟೆಗಳನ್ನು ಒಂದೊಂದಾಗಿ ತಾಯಿ ತೊಟ್ಟಿಯಲ್ಲಿ ಅದ್ದಿ ತುಂಬಿದರು. ತಾಯಿ ತೊಟ್ಟಿಯೆಂದರೆ ಲ್ಯಾಬಿನ ನಡುವಿನ ಗಾಜಿನ ದೊಡ್ಡ ತೊಟ್ಟಿ, ಪಾಚಿಯ ಮೂಲ. ಮೇಲೆ ಕವುಚಿಟ್ಟಿದ್ದ ತಟ್ಟೆಯೇ ಮೊದಲು ಅದ್ದಿದ್ದು.

ಅದರ ಮರುದಿನ ಬೆಳಿಗ್ಗೆ ತಾಯಿ ತೊಟ್ಟಿ ಹಳದಿಯಾಗಿತ್ತು. ತುಂಬಿಟ್ಟ ನಲವತ್ತು ತಟ್ಟೆಗಳೂ ಹಳದಿ. ಅಕ್ಕೋರು ಮೈಕ್ರೋಸ್ಕೋಪಿನಲ್ಲಿ ಎಷ್ಟು ಹೊತ್ತು ನೋಡಿದರೆಂದರೆ ಕನ್ನಡಕದ ಗುರುತು ಮೂಗಿನ ಮೇಲೆ ಇನ್ನೂ ಇದೆ. ಮಣಿಗಳು ಒಡೆದು ಬರೀ ಸಿಪ್ಪೆ ತೇಲುತ್ತಿತ್ತು. ಪಾಚಿಗೂ ವೈರಸ್ ಬರುತ್ತದೆ ಎಂದು ಅವರು ನಿಧಾನವಾಗಿ ಹೇಳಿದರು. ತೊಟ್ಟಿಯಲ್ಲಿದ್ದದ್ದು ಒಂದೇ ಜಾತಿ, ಅಚ್ಚು ಹಾಕಿದ ಹಾಗೆ ಒಂದೇ, ಅದೂ ಒತ್ತೊತ್ತಾಗಿ. ಗದ್ದೆಯಲ್ಲಿ ಚದುರಿಕೊಂಡಿದ್ದರೆ ರೋಗ ಹೀಗೆ ಹಬ್ಬುತ್ತಿರಲಿಲ್ಲ. ಒಂದು ಸತ್ತ ಮೇಲೆ ಉಳಿದವೂ ಸಾಯಲೇಬೇಕು. ಫ್ರಿಜ್ಜಿನಲ್ಲಿದ್ದ ಬೀಜಪಾಚಿ ಎಬ್ಬಿಸಲು ಹದಿನೈದು ದಿನ ಬೇಕು. ಅದೂ ಅದೇ ಜಾತಿ, ಎದ್ದು ಅದೇ ರೋಗಕ್ಕೆ ಸಾಯುತ್ತದೆ.

ಬುಟ್ಟಿಯ ಮೊಳಕೆಗಳಿಗೆ ಉಳಿದದ್ದು ಮೂರು ದಿನ. ನಾಲ್ಕನೇ ದಿನ ಬೇರುಗಳು ಹೆಣೆದುಕೊಂಡು ಭತ್ತ ಚಾಪೆಯಾಗುತ್ತದೆ, ಬಿತ್ತಲಾಗದು. ಪಾಚಿಯಿಲ್ಲದೆ ಬಿತ್ತಿದರೆ ಉಪ್ಪು ಸುಡುತ್ತದೆ. ಬೇರೆ ಬೀಜವಿಲ್ಲ, ಕಗ್ಗ ಅಂಗಡಿಯಲ್ಲಿ ಸಿಗುವ ಭತ್ತವಲ್ಲ, ಕುರ್ವೆಯ ಬೀಜವೆಲ್ಲ ಆ ಬುಟ್ಟಿಗಳಲ್ಲೇ ಇತ್ತು. ಈ ವರ್ಷ ಹೋದರೆ ಆ ಭತ್ತದ ವಂಶವೇ ಹೋಯಿತು.

ಅಕ್ಕೋರು ಯಾರನ್ನೂ ಬೈಯಲಿಲ್ಲ. ತನ್ನ ಕೈಯಿಂದಲೇ ಏನೋ ತಪ್ಪಾಗಿದೆ, ಹಾಗೆಂದು ಮೇಲಿನವರಿಗೆ ಬರೆಯುತ್ತೇನೆ ಎಂದರು. ಗಣಪಿಗೆ ತಣ್ಣೀರಲ್ಲಿ ಜಾಲಿಸಿದ ತಟ್ಟೆ ನೆನಪಾಯಿತು. ಮಧ್ಯಾಹ್ನದ ದೋಣಿ ಹತ್ತಿ ಮನೆಗೆ ಬಂದಳು.

ಸೋಮಕ್ಕ ಜಗಲಿಯಲ್ಲಿ ಮೊಳಕೆ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಎಪ್ಪತ್ತೆಂಟು ವರ್ಷ, ಅವಳ ನಾಲಿಗೆಯಲ್ಲಿ ಹಸಿ ಹಲಸಿನ ಮರ ಕೊಯ್ಯಬಹುದಿತ್ತು. ಗಣಪಿ ಎಲ್ಲ ಹೇಳಿದಳು. ತಣ್ಣೀರಲ್ಲಿ ತೊಳೆದದ್ದು, ಕೆಸರಿನಲ್ಲಿದ್ದ ರೋಗ ತಾಯಿ ತೊಟ್ಟಿಗೆ ಹೋದದ್ದು, ಎಲ್ಲ.

ಸೋಮಕ್ಕನಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಗದ್ದೆಯ ಮಣ್ಣಿಗೆ ರೋಗದ ಹೆಸರು ಇಟ್ಟವರು ಇದುವರೆಗೆ ಹುಟ್ಟಿಲ್ಲ, ಆ ಮಣ್ಣು ಹಚ್ಚಿದರೆ ಗಾಯ ಮಾಯುತ್ತದೆ, ತನ್ನ ಗಂಡನ ಸೊಂಟ ನೋವು ಹೋದದ್ದೇ ಅದರಿಂದ ಎಂದು ಅರ್ಧ ಗಂಟೆ ಹೇಳಿದಳು. ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು, ಅವನಿಗೆ ಸೊಂಟ ನೋವು ಇದ್ದದ್ದು ಯಾರಿಗೂ ನೆನಪಿರಲಿಲ್ಲ. ಗಣಪಿ ತಾಳ್ಮೆಯಿಂದ, ಮಣ್ಣು ಕೆಟ್ಟದ್ದಲ್ಲ ಅತ್ತೆ, ಅದರೊಳಗೆ ಕಣ್ಣಿಗೆ ಕಾಣದ್ದೊಂದು ಇತ್ತು ಎಂದಳು.

ಸೋಮಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

"ಆಯ್ತೇ. ರೋಗ ನಮ್ಮ ಗದ್ದೆಯಲ್ಲೇ ಇತ್ತು ಅಂತ ಇಟ್ಕ. ಹಂಗಾರೆ ನಮ್ಮ ಗದ್ದೆಯ ಪಾಚಿ ಎಂತಕ್ಕೆ ಸಾಯ್ಲಿಲ್ಲ? ಅದೂ ಅದೇ ಕೆಸರಲ್ಲೇ ಮಲ್ಗೂದಲ್ದಾ?"

ಗಣಪಿ ಅದನ್ನೇ ತಲೆಯಲ್ಲಿ ತಿರುವಿದಳು. ಗದ್ದೆಯ ಪಾಚಿ ರೋಗದ ಜೊತೆ ಅಜ್ಜನ ಕಾಲದಿಂದ ಇದ್ದು ಗಟ್ಟಿಯಾಗಿದೆ, ಸರಿ. ಆದರೆ ಅದು ಬಡಪಾಯಿ, ಈಗಿನ ಉಪ್ಪು ತಾಳಿ ಮೊಳಕೆ ಉಳಿಸುವ ಶಕ್ತಿ ಇಲ್ಲ. ಲ್ಯಾಬಿನ ಪಾಚಿಗೆ ಶಕ್ತಿ ಇತ್ತು, ಗಟ್ಟಿತನ ಇರಲಿಲ್ಲ. ಎರಡೂ ಸೇರಿ ಎಲ್ಲಾದರೂ ಒಟ್ಟಿಗೆ ಬದುಕಿದ್ದರೆ?

ಹಿತ್ತಲ ತೊಟ್ಟಿ ಅವಳ ಕಣ್ಣ ಮುಂದೆ ಬಂತು. ಮೂರು ವರ್ಷದ ನಲವತ್ತು ಮನೆಯ ಕೆಸರು, ತಟ್ಟೆಗೆ ಅಂಟಿದ ಪಾಚಿ. ಮೊನ್ನೆಯ ಮಳೆಗೆ ತುಂಬಿದ್ದ ಅದು ಯಾವ ಬಣ್ಣಕ್ಕಿತ್ತು? ನೆನಪು ಮಾಡಿಕೊಂಡಳು. ಹಳದಿಯಲ್ಲ. ನವಿಲಿನ ಕತ್ತಿನ ಬಣ್ಣ.

ಆ ತೊಟ್ಟಿ ತೋರಿಸಬೇಕೆಂದರೆ ಅದರಲ್ಲಿ ಏನಿದೆ, ಯಾರು ಹಾಕಿದರು, ಮೂರು ವರ್ಷ ಯಾಕೆ ಮುಚ್ಚಿಟ್ಟಳು ಎಂದೂ ಹೇಳಬೇಕು. ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಎಂದು ಹೇಳುವುದು ಸುಲಭ. ಆದರೆ ಗುಡ್ಡದ ಮೇಲೆ ಯಾರೋ ಒಬ್ಬರು ಅವಳನ್ನು ಕರೆದು ಮಣಿಸರ ತೋರಿಸಿದ್ದರು. ಕೆಲಸಕ್ಕಿಂತ ಅದು ಹೋಗುವುದು ಅವಳಿಗೆ ಹೆಚ್ಚು ಕಷ್ಟವಾಗಿತ್ತು.

ಮರುದಿನ ಮೊದಲ ದೋಣಿಗೆ ಅವಳೇ ಹುಟ್ಟು ಹಾಕಿದಳು. ದೋಣಿ ಎಷ್ಟು ಜೋರಾಗಿ ಹೋಯಿತೆಂದರೆ ಮೀನುಗಳು ದಾರಿ ಬಿಟ್ಟು ದಡದ ಮೇಲೆ ಕೂತು ನೋಡಿದವು. ಲ್ಯಾಬಿನಲ್ಲಿ ಅಕ್ಕೋರು ಪತ್ರ ಬರೆಯುತ್ತಿದ್ದರು.

"ಅಕ್ಕೋರೆ, ಪತ್ರದಲ್ಲಿ ನಿಮ್ಮ ಹೆಸ್ರು ಬರೀಬೇಡಿ. ತಪ್ಪು ನಂದು. ತಟ್ಟೆ ಯಾವತ್ತೂ ಖಾಲಿ ಬರ್ಲಿಲ್ಲ."

ಅಲ್ಲಿಂದ ಶುರುಮಾಡಿ ಹಂಡೆ ಆರಿದ ಸಂಜೆಯವರೆಗೆ ಹೇಳಿದಳು. ಎಲ್ಲಕ್ಕೂ ಉಪ್ಪುಖಾರ ಹಚ್ಚುವ ಕುರ್ವೆಯಲ್ಲಿ ಪಳಗಿದ ಮಾತು ಅವಳದು, ಆದರೆ ಅಂದು ಒಂದು ಅಕ್ಷರ ಹೆಚ್ಚು ಹೇಳಲಿಲ್ಲ.

ಅಕ್ಕೋರು ಪೆನ್ನಿನ ಮುಚ್ಚಳ ಹಾಕಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿಕೊಂಡಿತು. ಗೋಡೆಯ ಮೇಲಿನ ಮೂರು ಪದಗಳನ್ನು ಒಮ್ಮೆ ನೋಡಿದರು.

"ಮೂರು ವರ್ಷ," ಎಂದರು. "ಮೂರು ವರ್ಷ ನನ್ನ ಕಣ್ಣಾಗ ಕಣ್ಣಿಟ್ಟು ಶುದ್ಧ ಅಂದಿ."

"ಹೌದು."

"ಯಾಕ?"

"ಕೊಟ್ಟವ್ರಿಗೆ ಬರಿ ತಟ್ಟೆ ಕಳ್ಸೂಕಾಗೂದಿಲ್ಲ, ಅಕ್ಕೋರೆ. ನಿಮ್ಮ ಮಣಿಗೂ ಆಗೂದಿಲ್ಲ ಅಂತ ನೀವೇ ತೋರ್ಸಿದ್ರಿ."

ಅಕ್ಕೋರು ಎದ್ದರು. ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡಳು ಗಣಪಿ. ಅವರು ಹೊರಗೆ ಹೋದದ್ದು ತಾವೇ, ಹಿತ್ತಲಿಗೆ.

ತೊಟ್ಟಿಯ ಮೇಲೆ ಪಾಚಿ ಕಂಬಳಿ ಹಾಸಿದಂತೆ ದಪ್ಪವಾಗಿ ಮಲಗಿತ್ತು. ಬೆರಳಲ್ಲಿ ಎತ್ತಿದರೆ ಬಟ್ಟೆಯಂತೆ ಬರುತ್ತಿತ್ತು. ಅಕ್ಕೋರು ವಾಸನೆಗೆ ಸೆರಗು ಮುಚ್ಚಿಕೊಳ್ಳುವುದನ್ನೂ ಮರೆತು ಒಂದು ಚೂರು ಒಳಗೆ ಒಯ್ದರು. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಬಾಯಲ್ಲೇ ಎಣಿಸಿದರು. ಎಂಟು, ಒಂಬತ್ತು, ಹತ್ತು, ಆಮೇಲೆ ಒಂದು ದಪ್ಪ ಮಣಿ. ಮತ್ತೆ ಒಂಬತ್ತು, ಮತ್ತೊಂದು ದಪ್ಪ ಮಣಿ. ತಾವು ತಿದ್ದಿದ್ದ ನಾಲ್ಕನ್ನು ಅದು ತಾನಾಗಿಯೇ ಹತ್ತಕ್ಕೆ ತಿದ್ದಿಕೊಂಡಿತ್ತು. ಲೋಳೆ ಮಾತ್ರ ಲ್ಯಾಬಿನದೇ, ಉಪ್ಪು ಹಿಡಿಯುವ ಆ ದಪ್ಪ ಲೋಳೆ. ನಂತರ ಸತ್ತ ತಾಯಿ ತೊಟ್ಟಿಯ ಹಳದಿ ನೀರನ್ನು ಅದರ ಮೇಲೆ ಹನಿಸಿ, ಗಡಿಯಾರ ನೋಡುತ್ತ ಕೂತರು. ಹಗಲೆಲ್ಲ ಕೂತರು. ಗಣಪಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕೋರು ಅವಳಿಗೆ ಹೋಗು ಎಂದೂ ಹೇಳಲಿಲ್ಲ, ಕೂರು ಎಂದೂ ಹೇಳಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೂ ಮಣಿಗಳು ಒಡೆಯಲಿಲ್ಲ.

"ಇದು ಏನಂತ ನನಗ ಗೊತ್ತಿಲ್ಲ," ಎಂದರು ಅಕ್ಕೋರು. "ಗದ್ದ್ಯಾಗ ಬದಕತೈತೋ ಇಲ್ಲೋ, ಅದೂ ಗೊತ್ತಿಲ್ಲ. ಹೆಸರಿಲ್ಲದ್ದನ್ನ ಹೊಲಕ್ಕ ಹಾಕಂತ ಯಾವ ಪುಸ್ತಕದಾಗೂ ಬರದಿಲ್ಲ. ಊರವರಿಗೆ ಇಷ್ಟೂ ಹೇಳು. ಆಮ್ಯಾಲ ಅವರು ಬ್ಯಾಡ ಅಂದ್ರ ಬ್ಯಾಡ."

ಗಣಪಿ ಹೇಳಿದಳು. ಕುರ್ವೆಯವರು ಕಟ್ಟಿನ ಮೇಲೆ ಕೂಡಿ ಕೇಳಿದರು. ಹಮ್ಮಣ್ಣ, ಹೆಸರಿಲ್ಲ ಅಂತೀಯಲ್ಲೇ, ಅದರಲ್ಲಿ ನಮ್ಮ ನಲವತ್ತು ಮನೆಯ ಕೆಸರುಂಟು, ಇನ್ನೆಂತ ಹೆಸರು ಬೇಕು ಎಂದ. ಮೊಳಕೆಗೆ ಉಳಿದಿದ್ದ ಮೂರು ದಿನದಲ್ಲಿ ಕೊನೆಯ ದಿನ, ತೊಟ್ಟಿಯ ಪಾಚಿಯನ್ನು ಕತ್ತರಿಯಿಂದ ನಲವತ್ತು ತುಂಡು ಮಾಡಿದರು, ಮನೆಗೊಂದು ವೀಳ್ಯದೆಲೆಯಷ್ಟು. ಅದನ್ನು ನೀರಲ್ಲಿ ಕಿವುಚಿ ಕೆಸರಿನ ಮೇಲೆ ಚೆಲ್ಲಿ, ಮೇಲೆ ಮೊಳಕೆ ಬಿತ್ತಿದರು. ಕಟ್ಟಿನ ಬಾಗಿಲು ಮುಚ್ಚಿತು.

ಐದನೇ ದಿನ ಸೋಮಕ್ಕನ ಗದ್ದೆಯ ಒಂದು ಮೂಲೆ ಕೆಂಪಾಯಿತು. ಗಣಪಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಆರನೇ ದಿನವೂ ಕೆಂಪು. ಏಳನೇ ದಿನ ಕೆಂಪು ಹಾಗೇ ನಿಂತಿತು, ಮುಂದೆ ಬರಲಿಲ್ಲ. ಅದರ ಅಂಚಿಗೆ ನೀಲಿ ಹಸಿರು ಗೆರೆಯೊಂದು ತೆವಳಿ ಬಂದು ಹಾಸಿಕೊಂಡಿತ್ತು. ಸುಟ್ಟದ್ದು ಸುಟ್ಟಿತ್ತು. ಉಳಿದದ್ದು ಎದ್ದು ನಿಂತಿತು.

ಆ ವರ್ಷದ ಬೆಳೆಯ ಬಗ್ಗೆ ಬಡಾಯಿ ಕೊಚ್ಚುವಂಥದ್ದೇನೂ ಇಲ್ಲ. ಬೆಳ್ಳಕ್ಕಿಗಳು ಗದ್ದೆಗಿಳಿದು ಕಾಲೂರಿ ಮೀನು ಹಿಡಿದವು. ಹಮ್ಮಣ್ಣ ಮೂತ್ರಕ್ಕೆ ಹೋದವನು ಎರಡೇ ನಿಮಿಷಕ್ಕೆ ಹಿಂದೆ ಬಂದ. ಊಟಕ್ಕೆ ಸಾಕು, ಬೀಜಕ್ಕೆ ಸಾಕು, ಅಷ್ಟೇ. ತೆನೆ ಕೊಯ್ದು, ಬಾಗಿಲು ತೆಗೆದು, ಉಪ್ಪುನೀರು ಬಿಟ್ಟರು. ಲ್ಯಾಬಿನ ಪಾಚಿ ಪ್ರತಿ ವರ್ಷ ಸಾಯುತ್ತಿದ್ದದ್ದು ಆಗಲೇ. ಇದು ನಿಂತ ಹುಲ್ಲಿನ ಬುಡ ಹಿಡಿದು, ಉಪ್ಪಿನಲ್ಲಿ ಮಲಗಿ, ಮುಂದಿನ ಜೂನ್ ಮಳೆಗೆ ಯಾರೂ ಕರೆಯದೆ ತಾನೇ ಎದ್ದಿತು.

ಅದರ ಅರ್ಥ ಅಕ್ಕೋರಿಗಿಂತ ಮೊದಲು ಹೊಳೆದದ್ದು ಗಣಪಿಗೆ. ಇನ್ನು ತಟ್ಟೆ ಬೇಡ. ತಟ್ಟೆ ಬೇಡವಾದರೆ ತೊಳೆಯುವವಳೂ ಬೇಡ. ಅಕ್ಕೋರು ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ. ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆ ಬರೆದು, ತೊಳೆಯುವವರಿಗೆ ಒಂದೇ ಹಂಡೆ ಕೊಟ್ಟದ್ದು ತನ್ನ ತಪ್ಪು ಎಂದು ಸೇರಿಸಿದ್ದರು. ತೆಗೆದದ್ದು ಪಾಚಿ. ಬೆಳ್ಳಕ್ಕಿ ಕುರ್ವೆಯ ಯೋಜನೆ ಮುಗಿದಿದೆ, ದಕ್ಷಿಣದ ಕರಾವಳಿಯಲ್ಲಿ ಹೊಸ ಕೇಂದ್ರ ತೆರೆಯುತ್ತಿದೆ, ತಟ್ಟೆ ಸಾಮಾನುಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗುವುದು ಎಂದು ಅಕ್ಕೋರಿಗೆ ಆದೇಶ ಬಂತು. ಆ ಕೇಂದ್ರದ ತಾಯಿ ತೊಟ್ಟಿಗೂ ಕಳಿಸಿದ್ದು ಅದೇ ಹಳೆಯ ಜಾತಿ, ನಾಲ್ಕಕ್ಕೊಂದು. ಅಕ್ಕೋರು ಹತ್ತಕ್ಕೊಂದು ದಪ್ಪ ಮಣಿಯ ಹಿತ್ತಲ ಪಾಚಿಯನ್ನು ಕಳಿಸುತ್ತೇನೆ ಎಂದು ಬರೆದರೆ, ಹೆಸರಿಲ್ಲದ್ದನ್ನು ಪರೀಕ್ಷೆ ಮುಗಿಯದೆ ತೆಗೆದುಕೊಳ್ಳಲಾಗದು ಎಂದು ಉತ್ತರ.

ಹೊರಡುವ ದಿನ ಅಕ್ಕೋರು ಕುರ್ವೆಗೇ ಬಂದರು. ತಟ್ಟೆಗಳೆಲ್ಲ ಸೋಮಕ್ಕನ ಜಗಲಿಯಲ್ಲಿದ್ದವು. ಗಣಪಿ ಎರಡು ದಿನ ಕುದಿಯುವ ನೀರಿಟ್ಟು ತೊಳೆದಿದ್ದಳು. ಸೂರ್ಯ ಅವುಗಳಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದುವಷ್ಟು ಬೆಳಗುತ್ತಿದ್ದವು. ಚಾ ಆಯಿತು. ಸೋಮಕ್ಕ, ಗದಗದಲ್ಲಿ ಹೊಳೆ ಇಲ್ಲವಂತೆ, ಮತ್ತೆ ಬದುಕು ಬೇಸರವಾದರೆ ಜನ ಎಲ್ಲಿಗೆ ಹಾರುತ್ತಾರೆ ಎಂದು ವಿಚಾರಿಸಿದಳು. ಅಕ್ಕೋರು, ನಮ್ಮಲ್ಲಿ ಹಾರುವಷ್ಟು ಬೇಸರ ಆಗುವುದಿಲ್ಲ ಎಂದರು.

ಆಮೇಲೆ ಅಕ್ಕೋರು ತಟ್ಟೆ ಎಣಿಸಲು ಕೂತರು. ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟರು. ಮೂವತ್ತೊಂಬತ್ತು. ಖಾಲಿ, ಒಣ, ಶುದ್ಧ. ಎಲ್ಲಕ್ಕಿಂತ ಕೆಳಗಿದ್ದ ನಲವತ್ತನೆಯದನ್ನು ಎತ್ತಲು ಹೋದರೆ ಅದು ಮೇಲೇಳಲಿಲ್ಲ. ಎರಡೂ ಕೈ ಹಾಕಿದರು.

ಅದರ ತುಂಬ ಕೆಸರು. ಕೆಸರಿನ ಮೇಲೆ ನವಿಲಿನ ಕತ್ತಿನ ಬಣ್ಣ.

ಸೋಮಕ್ಕ ಎಲೆಗೆ ಸುಣ್ಣ ಹಚ್ಚುವುದರಲ್ಲಿ ತುಂಬಾ ಮಗ್ನಳಾದಳು. ಗಣಪಿ ಹೊಳೆಯ ಕಡೆ ನೋಡಿದಳು. ಭರತದ ನೀರು ಏರುತ್ತಿತ್ತು.

ಅಕ್ಕೋರು ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಹೊಸ ಊರಿನ ಬಾಗಿಲಲ್ಲಿ ಇದನ್ನು ನೋಡಿದವರು ಏನು ಕೇಳುತ್ತಾರೆ, ತಾನೇನು ಹೇಳಬೇಕು ಎಂದು ಯೋಚಿಸುತ್ತಿದ್ದಿರಬೇಕು. ಆ ಊರಿನ ತಾಯಿ ತೊಟ್ಟಿಯೂ ಒಂದು ಬೆಳಿಗ್ಗೆ ಹಳದಿಯಾಗುತ್ತದೆ ಎಂಬುದನ್ನೂ ಯೋಚಿಸಿರಬೇಕು.

"ಗಣಪವ್ವ," ಎಂದರು ಕೊನೆಗೆ, "ದಾರಿ ಭಾಳ ಐತಿ. ಇದು ಒಣಗಬಾರದು. ಒಂದು ಒದ್ದಿ ಅರಿವಿ ತಂದು ಮ್ಯಾಲ ಹೊದಸು."

ಗಣಪಿ ಒಳಗೆ ಹೋಗಿ ತನ್ನ ಹಳೆಯ ಸೀರೆಯ ಸೆರಗು ಹರಿದು, ನೀರಲ್ಲಿ ಅದ್ದಿ ಹಿಂಡಿ ತಂದಳು. ತಟ್ಟೆಗೆ ಹೊದೆಸಿ, ಅಂಚುಗಳನ್ನು ಮಗುವಿನ ಹೊದಿಕೆ ಸಿಕ್ಕಿಸುವಂತೆ ಒಳಗೆ ಸಿಕ್ಕಿಸಿದಳು.

ಆ ತಟ್ಟೆ ಇಟ್ಟ ಭಾರಕ್ಕೆ ದೋಣಿ ನೀರಲ್ಲಿ ಒಂದು ಮೊಳ ಕೆಳಗಿಳಿಯಿತು ಎಂದು ಸೋಮಕ್ಕ ಇಂದಿಗೂ ಹೇಳುತ್ತಾಳೆ. ಗಣಪಿಯನ್ನು ಕೇಳಿದರೆ, ಅತ್ತೆಯದು ಯಾವಾಗಲೂ ಜಾಸ್ತಿ, ಅರ್ಧ ಮೊಳ ಇರಬಹುದು ಎನ್ನುತ್ತಾಳೆ.